ಎರೆಭೂತವೂ ಕರಾರುಪತ್ರವೂ



ವಾಯುಗುಣದ ಬದಲಾವಣೆ, ಇಂಧನದ ಅಭಾವ, ಜೀವವೈವಿಧ್ಯದ ನಾಶ ಈ ಮೂರು ಸಂಕಟಗಳನ್ನು ವಕೀಲರ ಕಚೇರಿಗಳು ಹೇಗೆ ಎದುರಿಸಬೇಕೆಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಕಾನೂನನ್ನು ಓದಿದವನಲ್ಲ. ಕನ್ನಡ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು. ಆದರೂ ಈ ಕೆಲಸವನ್ನು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ನ್ಯಾಯಾಲಯದ ಕಟಕಟೆಯನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಕಾನೂನು ಕಾಗದದ ಮೇಲೆ ಮಾತಾಗಿ ಕುಳಿತಿರುತ್ತದೆ. ಆ ಮಾತನ್ನು ಯಾರು ಬರೆದರು, ಯಾವ ಅರ್ಥದಲ್ಲಿ ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ವಿಚಾರಿಸುವ ಅಧಿಕಾರ ಭಾಷೆಯ ವಿದ್ಯಾರ್ಥಿಗೂ ಸ್ವಲ್ಪ ಮಟ್ಟಿಗೆ ಇದೆಯೆಂದು ನಾನು ನಂಬಿದ್ದೇನೆ.

ಎರಡು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಕರೆದಳು. ಕನ್ನಡ ಐಚ್ಛಿಕವಾಗಿ ಓದಿ, ಆಮೇಲೆ ಕಾನೂನು ಪದವಿ ಪಡೆದು, ಬೆಂಗಳೂರಿನ ಒಂದು ದೊಡ್ಡ ವಕೀಲರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಯಲುಸೀಮೆಯ ಒಂದು ಕಡೆ ಗಾಳಿಯಂತ್ರಗಳನ್ನು ನಿಲ್ಲಿಸಲಿದ್ದ ಕಂಪನಿಯೊಂದು ಅವರ ಕಕ್ಷಿಗಾರ. ಆ ಜಮೀನಿನ ಹಳೆಯ ದಾಖಲೆಗಳನ್ನು ಓದಿ, ಹೊರದೇಶದಲ್ಲಿ ಕುಳಿತ ಸಾಲದಾತರಿಗೆ ಇಂಗ್ಲಿಷಿನಲ್ಲಿ ವರದಿ ಕೊಡುವುದು ಇವಳ ಪಾಲಿಗೆ ಬಂದಿತ್ತು. "ಸರ್, ಇಲ್ಲಿ 'ಹುಲ್ಲುಬನ್ನಿ ಖರಾಬು' ಅಂತ ಬರೆದಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನಲಿ?" ಎಂದಳು. "ನೀನು ಏನು ಬರೆದಿದ್ದೀಯಮ್ಮಾ?" ಎಂದು ಕೇಳಿದೆ. "ವೇಸ್ಟ್‌ಲ್ಯಾಂಡ್ ಅಂತ ಬರೆದಿದ್ದೇನೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಬರೆಯುತ್ತಾರೆ," ಎಂದಳು. ಹುಲ್ಲು ಎಂಬ ಶಬ್ದ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಖರಾಬು ಎಂಬುದು ಪಾರಸಿಯ ಮಾರ್ಗವಾಗಿ ನಮ್ಮಲ್ಲಿಗೆ ಬಂದ ಅರಬ್ಬೀ ಶಬ್ದ. ಹಾಳಾದದ್ದು, ಕೆಟ್ಟದ್ದು ಎಂದು ಅದರ ಅರ್ಥ. ನಮ್ಮ ಪಹಣಿಗಳಲ್ಲಿ 'ಅ' ಖರಾಬು, 'ಬ' ಖರಾಬು ಎಂದು ಎರಡು ಬಗೆಯನ್ನು ಕಾಣುತ್ತೇವೆ. ಸಾಗುವಳಿಗೆ ಒದಗದ ನೆಲ ಮೊದಲನೆಯದು. ದಾರಿ, ಹಳ್ಳ, ಸ್ಮಶಾನ ಮುಂತಾಗಿ ಊರಿನ ಉಪಯೋಗಕ್ಕೆಂದು ಬಿಟ್ಟದ್ದು ಎರಡನೆಯದು. ಕಂದಾಯ ಕೊಡದ ನೆಲವೆಲ್ಲ ಕಂದಾಯದವರ ಕಣ್ಣಿಗೆ ಕೆಟ್ಟ ನೆಲವಾಗಿಯೇ ಕಾಣಿಸಿತು. ಅದರಲ್ಲಿ ಅವರ ತಪ್ಪೇನೂ ಇಲ್ಲ; ಅವರು ಹೊರಟದ್ದೇ ಕಂದಾಯದ ಲೆಕ್ಕಕ್ಕೆ. ಆದರೆ ಗೋಮಾಳವೆಂದೂ, ಕಾವಲೆಂದೂ, ಉತ್ತರದ ಕಡೆಗೆ ಗಾಯರಾಣವೆಂದೂ ಹೆಸರು ಪಡೆದ ಈ ನೆಲದಲ್ಲಿ ದನಕರು ಮೇದಿವೆ, ಕುರಿಮಂದೆಗಳು ಹಾದುಹೋಗಿವೆ, ಕೃಷ್ಣಮೃಗಗಳು ಮರಿಹಾಕಿವೆ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಸಂಸಾರ ನಡೆಸಿವೆ. ಕಂದಾಯದ ಪುಸ್ತಕದ 'ಖರಾಬು' ವಕೀಲರ ವರದಿಯಲ್ಲಿ 'ಬಂಜರು' ಎಂದಾಗುತ್ತದೆ. ಆ ವರದಿಯನ್ನು ಓದಿದ ಸಾಲದಾತನ ಮನಸ್ಸಿನಲ್ಲಿ ಅದೇ 'ಏನೂ ಇಲ್ಲದ ಜಾಗ' ಎಂದು ನೆಲೆಗೊಳ್ಳುತ್ತದೆ. ಏನೂ ಇಲ್ಲದ ಜಾಗದಲ್ಲಿ ಏನನ್ನು ಕಟ್ಟಿದರೆ ಯಾರಿಗೆ ನಷ್ಟ?

ಈ ಒಂದು ಶಬ್ದ ಎಷ್ಟು ದುಬಾರಿಯಾದೀತೆಂಬುದಕ್ಕೆ ನಿದರ್ಶನ ಬೇಕಾದರೆ ನಾವು ರಾಜಸ್ಥಾನದ ಜೈಸಲ್ಮೇರಿನವರೆಗೆ ಹೋಗಬೇಕು. ಅಲ್ಲಿಗೆ ಹೋಗುವ ಮುನ್ನ, ಕಥೆಯ ನಾಯಕನಾದ ಹಕ್ಕಿಯನ್ನು ಪರಿಚಯಿಸುತ್ತೇನೆ. ಅದು ನಮಗೂ ನೆಂಟನೇ. ಕನ್ನಡದಲ್ಲಿ ಅದಕ್ಕೆ ಎರೆಭೂತವೆಂದು ಹೆಸರು. ದೊರೆವಾಯನ ಹಕ್ಕಿ ಎಂದೂ ಕರೆಯುವುದುಂಟು. ಎರೆ ಎಂದರೆ ಕಪ್ಪು ಮಣ್ಣಿನ ಭೂಮಿ. ಸುಮಾರು ಒಂದು ಮೀಟರ್ ಎತ್ತರದ ಹಕ್ಕಿಯೊಂದು ಜೋಳದ ಹೊಲದಂಚಿನಲ್ಲಿ ಕತ್ತೆತ್ತಿ ಗಂಭೀರವಾಗಿ ನಡೆದು ಬರುವುದನ್ನು ಮಸುಕು ಬೆಳಕಿನಲ್ಲಿ ಕಂಡವರಿಗೆ ಭೂತವೆನಿಸಿದ್ದರೆ ಆಶ್ಚರ್ಯವಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದದ್ದನ್ನು ಇತ್ತೀಚಿನ ವರ್ಷಗಳಲ್ಲಿಯೂ ಕಂಡವರಿದ್ದಾರೆ. ರಾಜಸ್ಥಾನದಲ್ಲಿ ಇದನ್ನು ಗೋಡಾವಣ ಎನ್ನುತ್ತಾರೆ; 1981ರಿಂದ ಅದು ಆ ರಾಜ್ಯದ ಪಕ್ಷಿ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಪಂಕ್ತಿಗೆ ಇದು ಸೇರುತ್ತದೆ. ಗಂಡು ಹಕ್ಕಿ 15 ಕಿಲೋಗ್ರಾಮಿನವರೆಗೆ ತೂಗಬಹುದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ, ಅದೂ ಬರಿಯ ನೆಲದ ಮೇಲೆ. ಇದರ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಎದುರಿನ ನೋಟ ಬಹಳ ಕಡಮೆ. ಹಾರುವಾಗ ಮುಂದೆ ತಂತಿಯಿದ್ದರೆ ಕಾಣುವುದು ತಡ. ಕಂಡರೂ ಆ ಭಾರವಾದ ದೇಹವನ್ನು ಥಟ್ಟನೆ ತಿರುಗಿಸಲಾರದು. ಹೀಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. 2018ರ ವೇಳೆಗೆ ದೇಶದಲ್ಲಿ ಸುಮಾರು 150 ಮಾತ್ರ ಉಳಿದಿರಬಹುದೆಂದು ತಜ್ಞರು ಅಂದಾಜು ಮಾಡಿದ್ದರು. ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಸೀಮೆಯಲ್ಲಿವೆ.

ದೈವದ ವಿಲಾಸವೋ ಏನೋ, ಗೋಡಾವಣ ಉಳಿದಿರುವ ಆ ಸೀಮೆಯೇ ಬಿಸಿಲಿಗೂ ಗಾಳಿಗೂ ಪ್ರಸಿದ್ಧವಾದದ್ದು. 2030ರ ವೇಳೆಗೆ ಕಲ್ಲಿದ್ದಲು ಮುಂತಾದ ಇಂಧನಗಳನ್ನು ಬಳಸದ 500 ಗಿಗಾವ್ಯಾಟ್ ವಿದ್ಯುತ್ ಸಾಮರ್ಥ್ಯವನ್ನು ಪಡೆಯುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ನಗರದ ಸಮ್ಮೇಳನದಲ್ಲಿ ಘೋಷಿಸಿತು. ಆ ಘೋಷಣೆ ನಡೆಯಬೇಕಾದರೆ ಥಾರ್ ಮರುಭೂಮಿಯ ಬಿಸಿಲು ಬೇಕು. ಬಿಸಿಲಿನಿಂದ ಹುಟ್ಟಿದ ವಿದ್ಯುತ್ತನ್ನು ಊರುಗಳಿಗೆ ಒಯ್ಯಲು ತಂತಿ ಬೇಕು. ಭೂಮಿಯನ್ನು ಕಾಯಿಸುವ ಹೊಗೆಯನ್ನು ನಿಲ್ಲಿಸಲೆಂದು ಎಳೆದ ಅದೇ ತಂತಿ ಭೂಮಿಯ ಮೇಲಿನ ಒಂದು ಜೀವಜಾತಿಯ ಕೊರಳಿಗೆ ಉರುಳಾಯಿತು.

2019ರಲ್ಲಿ ಎಂ. ಕೆ. ರಂಜಿತ್‌ಸಿಂಹರು ಮತ್ತಿತರರು ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕರಡನ್ನು ರೂಪಿಸಿದ ಅಧಿಕಾರಿ ಇವರೇ. ತಾವು ಬರೆಯಲು ನೆರವಾದ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಹಕ್ಕಿಗಾಗಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೋರ್ಟಿನ ಮೆಟ್ಟಿಲು ಹತ್ತಿದರು. 2021ರ ಏಪ್ರಿಲ್ 19ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆದೇಶ ನೀಡಿತು. ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರು ಆ ಪೀಠದಲ್ಲಿದ್ದರು. ರಾಜಸ್ಥಾನ ಮತ್ತು ಗುಜರಾತಿನಲ್ಲಿ ಹಕ್ಕಿಯಿರುವ ಹಾಗೂ ಇರಬಹುದಾದ ಪ್ರದೇಶಗಳಲ್ಲಿ ತಂತಿಗಳನ್ನು ನೆಲದಡಿಗೆ ಹೂಳಬೇಕು, ಸಾಧ್ಯಾಸಾಧ್ಯತೆಯ ಪ್ರಶ್ನೆ ಬಂದಲ್ಲಿ ಸಮಿತಿಯೊಂದು ಪರಿಶೀಲಿಸಬೇಕು, ಅಲ್ಲಿಯವರೆಗೆ ಹಕ್ಕಿಗೆ ತಂತಿ ಕಾಣುವಂತೆ ಅದಕ್ಕೆ ಬಿಲ್ಲೆಗಳನ್ನು ತೂಗಹಾಕಬೇಕು ಎಂಬುದು ಅದರ ಸಾರ. ಆ ಪ್ರದೇಶದ ಒಟ್ಟು ವಿಸ್ತಾರ ಸುಮಾರು 99,000 ಚದರ ಕಿಲೋಮೀಟರ್. ಕೇಂದ್ರ ಸರ್ಕಾರ ಮರಳಿ ನ್ಯಾಯಾಲಯಕ್ಕೆ ಹೋಗಿ, ಹೆಚ್ಚು ಒತ್ತಡದ ತಂತಿಗಳನ್ನು ಅಷ್ಟು ದೂರ ಹೂಳುವುದು ಆಗದ ಮಾತೆಂದೂ, ಜಗತ್ತಿಗೆ ಕೊಟ್ಟ ವಚನಕ್ಕೆ ಭಂಗ ಬರುವುದೆಂದೂ ಅರಿಕೆ ಮಾಡಿತು. 2024ರ ಮಾರ್ಚ್ 21ರಂದು ಮತ್ತೊಂದು ಪೀಠ ಆ ಸಾರಾಸಗಟು ಆದೇಶವನ್ನು ಹಿಂದಕ್ಕೆ ಪಡೆದು ತಜ್ಞರ ಸಮಿತಿಯನ್ನು ನೇಮಿಸಿತು. ವಾಯುಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಅಡಕವಾಗಿದೆಯೆಂದು ಹೇಳಿದ್ದು ಇದೇ ತೀರ್ಪಿನಲ್ಲಿ. ಹಕ್ಕಿಗಾಗಿ ಹೂಡಿದ ದಾವೆಯಲ್ಲಿ ಮನುಷ್ಯನಿಗೆ ಹೊಸದೊಂದು ಹಕ್ಕು ದೊರೆತದ್ದು ಹೀಗೆ. ಕೊನೆಗೆ 2025ರ ಡಿಸೆಂಬರ್ 19ರಂದು, ರಾಜಸ್ಥಾನದಲ್ಲಿ 14,013 ಮತ್ತು ಗುಜರಾತಿನಲ್ಲಿ 740 ಚದರ ಕಿಲೋಮೀಟರುಗಳನ್ನು ಆದ್ಯತೆಯ ಪ್ರದೇಶವೆಂದು ಗುರುತಿಸಿದ ಶಿಫಾರಸನ್ನು ನ್ಯಾಯಾಲಯ ಅಂಗೀಕರಿಸಿತು. ಅಲ್ಲಿ ವಿದ್ಯುತ್ ಉತ್ಪಾದಿಸುವವರು ಗೋಡಾವಣದ ಮನೆಗೆ ಬಂದ ಅತಿಥಿಗಳಂತೆ ನಡೆದುಕೊಳ್ಳಬೇಕೆಂಬ ಭಾವದ ಮಾತೂ ಆ ತೀರ್ಪಿನಲ್ಲಿದೆ. ನ್ಯಾಯಾಲಯದ ಭಾಷೆಯಲ್ಲಿ ಇಂಥ ಮಾತು ಅಪರೂಪ.

ಅರ್ಜಿಯಿಂದ ಅಲ್ಲಿಯವರೆಗೆ ಆರು ವರ್ಷಗಳು ಕಳೆದಿದ್ದವು. ಆ ಆರು ವರ್ಷಗಳಲ್ಲಿ ಕಂಬಗಳು ನಿಂತವು, ತಂತಿಗಳು ಬಿಗಿದುಕೊಂಡವು. ಒಂದು ಕಡೆ ವರ್ಷಕ್ಕೊಂದು ಮೊಟ್ಟೆಯಿಡುವ ಹಕ್ಕಿ. ಇನ್ನೊಂದು ಕಡೆ ಸಾಲ ತಂದು ಹಣ ಹೂಡಿ, ಆಮೇಲೆ ತಂತಿ ಹೂಳಿರೆಂಬ ಆಜ್ಞೆಯನ್ನು ಕೇಳಿದ ಉದ್ಯಮಿ. ಇಬ್ಬರಿಗೂ ಕಾನೂನು ತಡವಾಗಿಯೇ ಬಂತು. ನನಗೆ ತೋರುವ ಮಟ್ಟಿಗೆ ಈ ತಡಕ್ಕೆ ನ್ಯಾಯಾಲಯವನ್ನು ದೂರಿ ಪ್ರಯೋಜನವಿಲ್ಲ. ಮೊದಲ ಕಂಬಕ್ಕೆ ಗುಂಡಿ ತೋಡುವ ಮುನ್ನ ಒಂದು ಕರಾರುಪತ್ರಕ್ಕೆ ಸಹಿಯಾಗಿತ್ತು. ಅದರ ಹಿಂದೆ ಒಬ್ಬ ವಕೀಲರ ಅಭಿಪ್ರಾಯಪತ್ರವಿತ್ತು. ತಂತಿಯ ದಾರಿಯಲ್ಲಿ ಯಾರು ಹಾರುತ್ತಾರೆಂಬ ಪ್ರಶ್ನೆಯನ್ನು ಆ ದಿನ, ಆ ಮೇಜಿನ ಮುಂದೆ ಕೇಳಿದ್ದರೆ ದಾರಿಯನ್ನು ಕಾಗದದ ಮೇಲೆಯೇ ಬದಲಿಸಬಹುದಾಗಿತ್ತು. ಅದಕ್ಕೆ ಪೆನ್ಸಿಲಿನ ಖರ್ಚು ಮಾತ್ರ.

ವಕೀಲರಾದವರು ಪರಿಸರಕ್ಕೆ ಹಾನಿ ಮಾಡುವ ಕಕ್ಷಿಗಾರರನ್ನು ಕೈಬಿಡಬೇಕೆಂದು ಈಚೆಗೆ ಪಶ್ಚಿಮ ದೇಶಗಳಲ್ಲಿ ಒಂದು ವಾದ ಹೊರಟಿದೆ. 2023ರಲ್ಲಿ ಇಂಗ್ಲೆಂಡಿನ ನೂರಕ್ಕೂ ಹೆಚ್ಚು ನ್ಯಾಯವಾದಿಗಳು, ಹೊಸ ಕಲ್ಲಿದ್ದಲು ಮತ್ತು ತೈಲ ಯೋಜನೆಗಳಿಗೆ ತಮ್ಮ ವಿದ್ಯೆಯನ್ನು ಕೊಡುವುದಿಲ್ಲವೆಂದು ಬಹಿರಂಗವಾಗಿ ಘೋಷಿಸಿದರು. ಬಂದ ಕಕ್ಷಿಗಾರನನ್ನು ನಿರಾಕರಿಸಬಾರದೆಂಬ ಅವರ ಹಳೆಯ ವೃತ್ತಿಧರ್ಮಕ್ಕೆ ಇದು ವಿರುದ್ಧವೆಂದು ದೊಡ್ಡ ಚರ್ಚೆಯಾಯಿತು. ನಮ್ಮ ಭಾರತೀಯ ವಕೀಲರ ಪರಿಷತ್ತಿನ ನಿಯಮವೂ, ವಿಶೇಷ ಕಾರಣವಿಲ್ಲದಿದ್ದರೆ, ತನ್ನ ಯೋಗ್ಯತೆಗೆ ತಕ್ಕ ಶುಲ್ಕ ಕೊಡುವವನ ಮೊಕದ್ದಮೆಯನ್ನು ವಕೀಲನು ಒಪ್ಪಿಕೊಳ್ಳಬೇಕೆಂದೇ ಹೇಳುತ್ತದೆ. ಆ ನಿಯಮ ಒಳ್ಳೆಯದು. ಊರೆಲ್ಲ ದ್ವೇಷಿಸುವವನಿಗೂ ಒಬ್ಬ ವಕೀಲ ಸಿಗಬೇಕು. ಇಂಗ್ಲೆಂಡಿನ ಆ ಗೆಳೆಯರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಅವರ ಸೂತ್ರದಿಂದ ಜೈಸಲ್ಮೇರಿನ ತೊಡಕು ಬಿಡಿಸಲು ಬರುವುದಿಲ್ಲ. ಇಲ್ಲಿ ಎದುರಾಳಿಯಾಗಿ ನಿಂತವನು ಹೊಗೆಯುಗುಳುವ ಕಾರ್ಖಾನೆಯವನಲ್ಲವಲ್ಲ! ಬಿಸಿಲಿನಿಂದ ದೀಪ ಹಚ್ಚುವವನು ಅವನು. ಹಕ್ಕಿಯ ಪರವಾಗಿ ಶ್ಯಾಮ್ ದಿವಾನ್ ಅವರಂಥ ಹಿರಿಯ ನ್ಯಾಯವಾದಿಗಳು ವಾದಿಸಿದರೆ, ಇನ್ನೊಂದು ಪಕ್ಷದವರೂ ಭೂಮಿಯ ಹೆಸರಿನಲ್ಲಿಯೇ ವಾದಿಸಿದರು. ಯಾವ ಕಕ್ಷಿಗಾರನನ್ನು ಬಿಡಬೇಕು?

ಬಿಡುವುದಕ್ಕಿಂತ ಕಷ್ಟದ ಕೆಲಸ ಒಪ್ಪಿಕೊಂಡು ನಿಜ ಹೇಳುವುದು. ಒಪ್ಪಿಕೊಳ್ಳಬೇಕೆಂಬ ನಿಯಮವಿರುವುದು ನ್ಯಾಯಾಲಯದ ವಕಾಲತ್ತಿಗೆ. ಕಚೇರಿಯಲ್ಲಿ ಕುಳಿತು ಸಲಹೆ ಕೊಡುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ನಿಯಮವೂ ಹೇಳಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಮೇರೆಗೆ ಬಿಸಿಲು ಮತ್ತು ಗಾಳಿಯ ವಿದ್ಯುತ್ ಯೋಜನೆಗಳಿಗೆ ಪೂರ್ವಾನುಮತಿ ಬೇಕಿಲ್ಲ. ಆದ್ದರಿಂದ "ಅನುಮತಿ ಬೇಕೆ?" ಎಂದು ಕಕ್ಷಿಗಾರ ಕೇಳಿದರೆ "ಬೇಡ" ಎಂಬ ಒಂದೇ ಶಬ್ದದಲ್ಲಿ ವಕೀಲರ ಉತ್ತರ ಮುಗಿಯಬಹುದು. ಉತ್ತರ ಸರಿಯಾದದ್ದೇ, ಆದರೆ ಪೂರ್ಣವಾದದ್ದಲ್ಲ. 2013ರ ಕಂಪನಿ ಕಾಯಿದೆಯ 166ನೆಯ ಪ್ರಕರಣ, ನಿರ್ದೇಶಕರಾದವರು ಷೇರುದಾರರ ಹಿತದೊಂದಿಗೆ ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ನೋಡಿಕೊಂಡು ನಡೆಯಬೇಕೆಂದು ವಿಧಿಸಿದೆ. ಎಷ್ಟು ಆಡಳಿತ ಮಂಡಳಿಗಳ ಸಭೆಯಲ್ಲಿ ಯಾವ ವಕೀಲರು ಈ ವಾಕ್ಯವನ್ನು ಗಟ್ಟಿಯಾಗಿ ಓದಿದ್ದಾರೆ? ಅಂತರರಾಷ್ಟ್ರೀಯ ಸಾಲಸಂಸ್ಥೆಗಳು ಜೀವವೈವಿಧ್ಯವನ್ನು ಕುರಿತು ತಮ್ಮವೇ ಷರತ್ತುಗಳನ್ನಿಟ್ಟಿವೆ. ಇವೆಲ್ಲವನ್ನೂ ಬಲ್ಲವರು ವಕೀಲರು. ಬಲ್ಲದ್ದನ್ನು, ಕೇಳದಿದ್ದರೂ ಹೇಳುವುದು ಅವರ ವಿದ್ಯೆಯ ಋಣ.

ಮತ್ತೆ ರಾಜಸ್ಥಾನದ ಮಾತು. ಅಲ್ಲಿ ಓರಣ್ ಎಂಬ ದೇವರ ಕಾಡುಗಳಿವೆ. ನಮ್ಮ ಕೊಡಗಿನ ದೇವರಕಾಡುಗಳ ದಾಯಾದಿಗಳು ಎನ್ನಬಹುದು. ಮರ ವಿರಳ, ಹುಲ್ಲು ಪೊದೆಗಳೇ ಹೆಚ್ಚು. ಊರಿನವರು ತಲೆಮಾರುಗಳಿಂದ ಒಂದು ಕೊಂಬೆಯನ್ನೂ ಕಡಿಯದೆ ಉಳಿಸಿದ ಇಂಥ ನೆಲಗಳಲ್ಲಿ ಅನೇಕವು ಕಂದಾಯದ ದಾಖಲೆಯಲ್ಲಿ ದೇವರ ಹೆಸರಿಲ್ಲದೆ, ಕಾಡೆಂಬ ಹೆಸರೂ ಇಲ್ಲದೆ, ಬಂಜರಾಗಿ ಬಿದ್ದುಕೊಂಡಿದ್ದವು. 2024ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯ ಇವುಗಳಲ್ಲಿ ಪ್ರತಿಯೊಂದನ್ನೂ ಸ್ಥಳಕ್ಕೆ ಹೋಗಿಯೂ ಉಪಗ್ರಹದ ಚಿತ್ರಗಳಿಂದಲೂ ಗುರುತಿಸಬೇಕೆಂದು ರಾಜಸ್ಥಾನದ ಅರಣ್ಯ ಇಲಾಖೆಗೆ ಆಜ್ಞೆ ಮಾಡಿತು. ದಾಖಲೆಯನ್ನಷ್ಟೇ ನಂಬಿ ಅಭಿಪ್ರಾಯ ಬರೆದ ವಕೀಲರಿಗೆ ಇದರಲ್ಲಿ ಒಂದು ಪಾಠವಿದೆ. ಹಕ್ಕುಪತ್ರ ಪರಿಶೀಲನೆಗೆ ಹೋದವರು ತಾಲೂಕು ಕಚೇರಿಯಿಂದ ನೇರವಾಗಿ ಬೆಂಗಳೂರಿನ ಬಸ್ಸು ಹಿಡಿಯದೆ, ಒಮ್ಮೆ ಆ ಸರ್ವೆ ನಂಬರಿನ ಮೇಲೆ ಕಾಲಿಟ್ಟು ಬರಬೇಕು. ಸಾಧ್ಯವಾದರೆ ದನ ಮೇಯಿಸುವ ಹುಡುಗನನ್ನು ಮಾತನಾಡಿಸಿ ಬರಬೇಕು.

ನಮ್ಮ ಪಾವಗಡದ ಉದಾಹರಣೆಯನ್ನೂ ನೋಡಬಹುದು. ತಿರುಮಣಿಯ ಸುತ್ತಣ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿ, 2019ರ ಕೊನೆಗೆ ಪೂರ್ಣಗೊಂಡ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕೇಂದ್ರ ಅದು. ಅಲ್ಲಿಯ ಕರಾರನ್ನು ನಾನು ಹೊಗಳುತ್ತೇನೆ. ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂದು ಗೊತ್ತುಮಾಡಿದರು. ಬರಗಾಲವನ್ನೇ ಉಂಡು ಬೆಳೆದ ಆ ಸೀಮೆಯ ಭೂಮಾಲೀಕನಿಗೆ ಇದು ಮಳೆಯನ್ನು ನೆಚ್ಚಬೇಕಿಲ್ಲದ ಬೆಳೆ. ಆದರೆ ಕರಾರಿಗೆ ಸಹಿ ಹಾಕುವವನು ಪಹಣಿಯಲ್ಲಿ ಹೆಸರಿರುವವನು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯಾಳಿಗೂ, ಕಟಾವಾದ ಮೇಲೆ ಕುರಿ ಬಿಡುತ್ತಿದ್ದ ಕುರಿಗಾಹಿಗೂ ಪಹಣಿಯಲ್ಲಿ ಕಾಲಂ ಇಲ್ಲ. ಹಾಗಾಗಿ ಕರಾರಿನಲ್ಲಿ ಕಲಮೂ ಇಲ್ಲ. ಹಕ್ಕಿಗೆ ಹೇಗೂ ಇಲ್ಲ. ಒಂದು ಪತ್ರದ ಕರಡು ಬರೆಯುವ ವಕೀಲನಿಗೆ, ಆ ಪತ್ರದಲ್ಲಿ ಸಹಿ ಹಾಕದವರು ಯಾರು ಯಾರು ಎಂಬುದೂ ಕಣ್ಣಿಗೆ ಕಾಣಬೇಕು.

ಹೀಗೆ ಕಾಣುವಂತೆ ಬರೆಯುವುದು ಸಾಧ್ಯವೆಂದು ಲಂಡನ್ನಿನ ಕೆಲವು ವಕೀಲರು ತೋರಿಸಿದ್ದಾರೆ. 2019ರಲ್ಲಿ ಚಾನ್ಸರಿ ಲೇನ್ ಯೋಜನೆ ಎಂಬ ಹೆಸರಿನಲ್ಲಿ ಅನೇಕ ಕಚೇರಿಗಳ ವಕೀಲರು ಕೂಡಿ, ವಾಯುಗುಣವನ್ನು ಗಮನದಲ್ಲಿಟ್ಟ ಕರಾರು ಕಲಮುಗಳನ್ನು ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲೆಂದು ಉಚಿತವಾಗಿ ಕೊಡತೊಡಗಿದರು. ಗುತ್ತಿಗೆ, ಸಾಲ, ಸರಬರಾಜು ಎಲ್ಲಕ್ಕೂ ಅವರಲ್ಲಿ ಕಲಮುಗಳಿವೆ. ಆ ಕಲಮುಗಳಿಗೆ ಬರೆದವರು ತಮ್ಮ ಬಳಗದ ಮಕ್ಕಳ ಹೆಸರುಗಳನ್ನಿಟ್ಟಿದ್ದಾರೆ. ಕರಾರಿನ ಫಲವನ್ನು ಉಣ್ಣಬೇಕಾದವರು ಮಕ್ಕಳೇ ತಾನೆ? ಇದಕ್ಕೆ ಹೋಲಿಸಿದರೆ ಕಚೇರಿಯ ದೀಪಗಳನ್ನು ಬದಲಿಸುವುದು, ಕುಂಡದಲ್ಲಿ ಗಿಡ ನೆಡುವುದು ಚಿಕ್ಕ ಕೆಲಸಗಳು. ಕಾಗದದ ವಿಷಯ ಮಾತ್ರ ಅಷ್ಟು ಚಿಕ್ಕದಲ್ಲ. ಉದ್ದನೆಯ ಹಾಳೆಯ ಒಂದೇ ಮಗ್ಗುಲಲ್ಲಿ ಅರ್ಜಿಗಳನ್ನು ಬರೆಯುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ ಕೈಬಿಟ್ಟು, ಸಣ್ಣ ಹಾಳೆಯ ಎರಡೂ ಮಗ್ಗುಲಿಗೆ ಒಪ್ಪಿಗೆ ಕೊಟ್ಟದ್ದು 2020ರಲ್ಲಿ. ಹಾಳೆಯ ಬೆನ್ನಿನ ಮೇಲೂ ಬರೆಯಬಹುದೆಂಬ ಜ್ಞಾನ ನಮ್ಮ ಹಳ್ಳಿಯ ಶಾಲಾಮಾಸ್ತರರಿಗೆ ಎಂದೋ ಇತ್ತು.

ನನ್ನ ವಿದ್ಯಾರ್ಥಿನಿಯ ಸಂಗತಿಯನ್ನು ಅರ್ಧಕ್ಕೆ ಬಿಟ್ಟೆ. ಆ ವರದಿಯಲ್ಲಿ ಅವಳು 'ಬಂಜರು' ಎಂಬುದನ್ನು ಹೊಡೆದುಹಾಕಿ, 'ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಜಾನುವಾರುಗಳು ಮೇಯುತ್ತವೆ' ಎಂದು ಬರೆದಳು. ಕಚೇರಿಯ ಹಿರಿಯರು ಕರೆದು, ಕಕ್ಷಿಗಾರನಿಗೆ ಕಿರಿಕಿರಿಯಾಗುವ ಮಾತನ್ನು ನಾವಾಗಿಯೇ ಏಕೆ ಎತ್ತಬೇಕು ಎಂದು ಕೇಳಿದರಂತೆ. "ನಾವು ಎತ್ತದಿದ್ದರೆ ನಾಳೆ ಕೋರ್ಟಿನಲ್ಲಿ ಬೇರೆಯವರು ಎತ್ತುತ್ತಾರೆ ಸರ್, ಆಗ ಕಂಬ ನಿಂತಿರುತ್ತದೆ," ಎಂದಳಂತೆ ಇವಳು. ಹಿರಿಯರು ಆ ದಿನ ಏನೂ ಹೇಳದೆ ಕಡತವನ್ನು ಇಟ್ಟುಕೊಂಡರು. ಎರಡು ವಾರದ ಮೇಲೆ ಒಂದು ಅಕ್ಷರವನ್ನೂ ತಿದ್ದದೆ ಮರಳಿ ಕಳಿಸಿದರು. ಸಾಲದಾತರ ಕಡೆಯಿಂದ ನಾಲ್ಕು ಪುಟ ಪ್ರಶ್ನೆಗಳು ಬಂದವು; ಅವುಗಳಲ್ಲಿ ಎರಡು ಹಕ್ಕಿಗಳನ್ನು ಕುರಿತವು. ಕಂಪನಿಯವರು ಬೇಸರದಿಂದಲೇ ಒಬ್ಬ ಪಕ್ಷಿತಜ್ಞರನ್ನು ಕರೆಸಿದರು.

ಕಳೆದ ತಿಂಗಳು ಮತ್ತೆ ಕರೆ ಬಂತು. ಈ ಸಲ ಇಂಗ್ಲಿಷಿನಿಂದ ಕನ್ನಡಕ್ಕೆ. ಗುತ್ತಿಗೆಯ ಪತ್ರ ಹಳ್ಳಿಯವರಿಗೆ ತಿಳಿಯುವ ಹಾಗಿರಬೇಕೆಂದು ಒಂದು ಕಲಮನ್ನು ತಾನೇ ಕನ್ನಡದಲ್ಲಿ ಬರೆದು, ನೋಡಿರೆಂದು ಕಳಿಸಿದ್ದಳು: 'ಹಟ್ಟಿಯಿಂದ ಕೆರೆಗೆ ಕುರಿ ಹೊಡೆದುಕೊಂಡು ಹೋಗುವ ದಾರಿಯನ್ನು ಬೇಲಿ ಹಾಕಿ ಮುಚ್ಚತಕ್ಕದ್ದಲ್ಲ. ಆ ದಾರಿಯ ಎರಡು ಕಡೆಯ ಹುಲ್ಲನ್ನು ಕಂಪನಿಯವರು ಕೆರೆಸತಕ್ಕದ್ದಲ್ಲ.' ಕಾಗುಣಿತದಲ್ಲಿ ಒಂದು ತಪ್ಪಿತ್ತು, ಅದನ್ನಷ್ಟು ತಿದ್ದಿ ಹಿಂದಕ್ಕೆ ಕಳಿಸಿದೆ.